ಗಿರಿಜಕ್ಕನ ಮಜ್ಜಿಗೆ ತಂಬಿಗೆ

ವರ್ಷದ ಮೊದಲ ಹಿಮ ಬಿದ್ದ ಬೆಳಿಗ್ಗೆ ಇಡೀ ಬ್ರ್ಯಾಂಪ್ಟನ್ ಊರೇ ಗೊಣಗುತ್ತ ಎದ್ದರೆ, ಗಿರಿಜಕ್ಕ ಮಾತ್ರ ಹಬ್ಬಕ್ಕೆ ಎದ್ದವರ ಹಾಗೆ ಎದ್ದು ಫೋನು ಹಚ್ಚುತ್ತಿದ್ದರು. “ಏ ತಂಗಿ, ಬಿತ್ತು ನೋಡು! ಲಗೂನ ಏಳು, ಜಾರಾಕ ಹೋಗೋಣ ಬಾ!” ಜಾರಬಾರದು ಅಂತ ಜಗತ್ತೆಲ್ಲ ದೇವರಿಗೆ ಕೈಮುಗಿಯುವ ದಿನ ಜಾರುವುದಕ್ಕೇ ಕರೆಯುವ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹುಬ್ಬಳ್ಳಿ ಕಡೆಯವರು. ಕುಳ್ಳಗೆ, ದುಂಡಗೆ ಇದ್ದರು. ಸ್ಟೇರಿಂಗಿನ ಮೇಲಿಂದ ರಸ್ತೆ ಕಾಣಲೆಂದು ಸೀಟಿನ ಮೇಲೊಂದು ದಿಂಬು, ಸೀರೆಯ ಮೇಲೊಂದು ದಪ್ಪ ಕೋಟು. ಮನೆಯಲ್ಲೇ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿ ಹಳೇ ವ್ಯಾನಿನಲ್ಲಿ ವುಡ್‌ಬ್ರಿಡ್ಜು, ಬೋಲ್ಟನ್ನು ಅಂತ ಊರೂರು ಸುತ್ತಿ ಕೊಟ್ಟು ಬರುತ್ತಿದ್ದರು. ಹಿಮ ಸುರಿದ ದಿನವೂ ರೊಟ್ಟಿ ತಪ್ಪುತ್ತಿರಲಿಲ್ಲ, ಎಣ್ಣೆಗಾಯಿಯ ಎಣ್ಣೆ ಡಬ್ಬದ ಅಂಚು ದಾಟುತ್ತಿರಲಿಲ್ಲ. ಆಯುಧಪೂಜೆಗೆ ನಾವೆಲ್ಲ ಗಾಡಿ ತೊಳೆದು ಹೂ ಏರಿಸಿದರೆ, ಅವರು ಮೊದಲು ಹಿಮದಲ್ಲಿ ಹಿಡಿತ ಕೊಡುವ ಚಳಿಗಾಲದ ಟಯರು ಹಾಕಿಸಿಕೊಂಡು ಬಂದು ಆಮೇಲೆ ಕುಂಕುಮ ಹಚ್ಚುತ್ತಿದ್ದರು. ಟಯರು ಬದಲಿಸದೆ ಪೂಜೆ ಮಾಡಿದವರಿಗೆ ಮಂಗಳಾರತಿ ಖಾತ್ರಿ. “ಬರೇ ಲಿಂಬಿಹಣ್ಣು ಇಟ್ರ ಆತೇನ? ದೇವಿ ಬಂದು ಹಿಮ ಕರಗಸಾಕ ರಸ್ತಾಕ್ಕ ಉಪ್ಪು ಹಾಕತಾಳೇನ?”

ನಾನು ತುಮಕೂರಿನವಳು. ಈ ದೇಶದಲ್ಲಿ ನನಗೆ ಸಿಕ್ಕಿದ ಮೊದಲ ಕೆಲಸ ಬೋಲ್ಟನ್ನಿನ ಒಂದು ಗೋದಾಮಿನ ಆಫೀಸಿನಲ್ಲಿ. ಆ ಕೆಲಸವೆಂದರೆ ನನಗೆ ಪ್ರಾಣ. ಆದರೆ ಅಲ್ಲಿಗೆ ನಮ್ಮ ಕಡೆಯಿಂದ ಸರಿಯಾದ ಬಸ್ಸಿಲ್ಲ. ದಿನಾ ನನ್ನನ್ನು ಗಾಡಿಯಲ್ಲಿ ಬಿಟ್ಟು ಬರುತ್ತಿದ್ದ ಗಂಡನ ಶಿಫ್ಟು ಬದಲಾಯಿತು. ಲೈಸೆನ್ಸೇನೋ ಬೇಸಿಗೆಯಲ್ಲೇ ಸಿಕ್ಕಿತ್ತು, ಹಿಮದ ರಸ್ತೆ ನೆನೆದರೆ ಮಾತ್ರ ಕೈಕಾಲು ತಣ್ಣಗಾಗುತ್ತಿತ್ತು. ಕೆಲಸ ಬಿಟ್ಟೇಬಿಡುತ್ತೇನೆಂದು ರೊಟ್ಟಿ ತಂದ ಗಿರಿಜಕ್ಕನ ಮುಂದೆ ಕಣ್ಣೀರು ಹಾಕಿದೆ. ಅವರು ಸಮಾಧಾನ ಮಾಡಲಿಲ್ಲ, ಬೈದರು. “ಹಿಮಕ್ಕ ಹೆದರಿ ನೌಕರಿ ಬಿಡ್ತಿಯೇನ? ಇನ್ನ ಮನಿ ತುಂಬ ಜೇಡ ಬಂದ್ರ ಮನೀನೂ ಬಿಡ್ತಿ! ಭಾನುವಾರ ತಯಾರಿರು.”

ಅವರ ರೊಟ್ಟಿಗೆ ಮಾರುಹೋಗಿದ್ದ ಒಬ್ಬ ಗೋದಾಮಿನ ಮಾಲೀಕರು ರಜೆಯ ದಿನ ತಮ್ಮ ಖಾಲಿ ಪಾರ್ಕಿಂಗ್ ಜಾಗ ಬಳಸಲು ಒಪ್ಪಿದ್ದರು. ಗಿರಿಜಕ್ಕ ಅಲ್ಲಲ್ಲಿ ಖಾಲಿ ರಟ್ಟಿನ ಡಬ್ಬಗಳನ್ನಿಟ್ಟು, ನನ್ನನ್ನು ನನ್ನ ಗಾಡಿಯ ಸ್ಟೇರಿಂಗಿಗೆ ಕೂರಿಸಿ, ತಾವು ಪಕ್ಕ ಕೂತು, ಸ್ಟೀಲಿನ ತಂಬಿಗೆಯ ತುಂಬ ಒಗ್ಗರಣೆ ಹಾಕಿದ ಮಜ್ಜಿಗೆ ಸುರಿದು ತೊಡೆಯ ಮೇಲೆ ಹಿಡಿದುಕೊಂಡರು. “ಇದು ಚೆಲ್ಲಿದ್ರ ನೀ ಅವಸರ ಮಾಡಿದಿ ಅಂತ ತಿಳ್ಕೋ. ಹಿಮದಾಗ ಅವಸರಕ್ಕ ಜಾಗಾ ಇಲ್ಲ.”

ಮೊದಲ ಬ್ರೇಕಿಗೇ ಮಜ್ಜಿಗೆ ಅವರ ಗಲ್ಲದವರೆಗೆ ಹಾರಿತು. ಕೋಟಿಗೆ ಕರಿಬೇವು ಅಂಟಿಕೊಂಡಿತು. ನಾನು ಸತ್ತೆ ಅಂದುಕೊಂಡರೆ ಅವರು ಹೊಟ್ಟೆ ಹಿಡಿದು ನಕ್ಕರು. “ಒಗ್ಗರಣಿ ಚಲೋ ಆಗೇತಿ. ಹೂಂ, ಮತ್ತ!” ಆಮೇಲೆ ಗಾಡಿ ಜಾರತೊಡಗಿತು. ನನ್ನ ಕಣ್ಣು ಎದುರಿನ ಡಬ್ಬಕ್ಕೇ ಅಂಟಿತು, ಗಾಡಿ ನೆಟ್ಟಗೆ ಅದರ ಮೇಲೇ ಹೋಯಿತು. ಇನ್ನೊಂದು ಡಬ್ಬದ ಗತಿಯೂ ಅದೇ ಆಯಿತು. “ಹೆದರಿದ್ದನ್ನ ನೋಡಬ್ಯಾಡ! ಅದನ್ನ ನೋಡಿದ್ರ ಅದಕ್ಕ ಹೋಗ್ತಿ. ಕಾಲು ತಗಿ, ಎಲ್ಲಿ ಹೋಗಬೇಕೋ ಅಲ್ಲಿ ನೋಡು, ಅತ್ತಾಗ ತಿರುಗಸು!” ಕಾಲು ತೆಗೆದೆ, ನೋಡಿದೆ, ತಿರುಗಿಸಿದೆ. ಬಾಲ ಬೀಸುತ್ತಿದ್ದ ಗಾಡಿ ಹೇಳಿದ ಮಾತು ಕೇಳಿತು! ಮೈಯೆಲ್ಲ ಜುಮ್ಮೆಂದಿತು. ಮನೆಗೆ ಹೋಗೋಣವೆಂದು ಅವರು ಹೇಳಿದಾಗ “ಇನ್ನೊಂದೇ ಒಂದ್ಸಲ ಅಕ್ಕಾ” ಅಂತ ಹಟ ಹಿಡಿದವಳು ನಾನೇ.

ನಿಜವಾದ ಪರೀಕ್ಷೆ ಬಂದದ್ದು ಸಂಕ್ರಾಂತಿಯ ದಿನ. ಎಳ್ಳು ಬೀರಲು ಹೊರಟೆವು. ಗಾಡಿ ನನ್ನದು, ಅವರ ಮನೆಯಿಂದ ರಸ್ತೆಗಿಳಿಯುವ ಇಳಿಜಾರಿನಲ್ಲಿ ನಿಲ್ಲಿಸಿದ್ದೆ. ಊರಿಗೆಲ್ಲ ಬುದ್ಧಿ ಹೇಳುವ ಗಿರಿಜಕ್ಕ ಅವತ್ತು ಹಬ್ಬದ ಉಮೇದಿನಲ್ಲಿ ಬೆಳಿಗ್ಗೆಯೇ ಬಾಗಿಲಿಗೆ ಬಕೆಟ್ಟು ನೀರು ಚೆಲ್ಲಿ ರಂಗೋಲಿ ಹಾಕಿದ್ದರು! ಆ ನೀರು ಇಳಿಜಾರಿಗೆ ಹರಿದು ಗಾಜಿನಂತೆ ಹೆಪ್ಪುಗಟ್ಟಿತ್ತು. ನಾನು ರಿವರ್ಸ್ ಹಾಕಿ ಬ್ರೇಕು ಮುಟ್ಟಿದ್ದಷ್ಟೇ, ಗಾಡಿ ಹಿಂದಕ್ಕೆ ಜಾರಿತು. ಕೆಳಗೆ ರಸ್ತೆಯಲ್ಲಿ ನೀಲಿ ದೀಪ ಮಿನುಗಿಸುತ್ತ ಹಿಮ ತಳ್ಳುವ ದೊಡ್ಡ ಲಾರಿ ಬರುತ್ತಿತ್ತು. ಲಾರಿಯನ್ನು ನೋಡಬೇಡ, ಅಂತ ನನಗೆ ನಾನೇ ಹೇಳಿಕೊಂಡೆ. ಬ್ರೇಕಿನಿಂದ ಕಾಲು ತೆಗೆದೆ, ಪಕ್ಕದ ಹಿಮದ ರಾಶಿಯನ್ನೇ ನೋಡಿದೆ, ಅತ್ತ ತಿರುಗಿಸಿದೆ. ಗಾಡಿ ದೊಪ್ಪನೆ ರಾಶಿಯಲ್ಲಿ ಹೂತು ನಿಂತಿತು. ಲಾರಿ ಹಾರ್ನು ಬಾರಿಸಿ ದಾಟಿಹೋಯಿತು.

ಗಿರಿಜಕ್ಕ ಪಕ್ಕದ ಸೀಟಿನಿಂದಲೇ ತಾವು ನೀರು ಚೆಲ್ಲಿದ್ದ ಇಳಿಜಾರಿನ ಕಡೆ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು, “ಬಾಗಲಕ್ಕ ನೀರು ಹಾಕಬೇಕು ಖರೆ. ಈ ದೇಶದಾಗ ಒಂದು ಚಮಚಾ ಸಾಕಿತ್ತು.” ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮರುವರ್ಷದಿಂದ ಅವರ ಮನೆಯ ಮುಂದೆ ರಸ್ತೆಗೆ ಹಾಕುವ ಉಪ್ಪಿನದೇ ರಂಗೋಲಿ. ಅಲ್ಲಿಯವರೆಗೆ ಅವರ ವ್ಯಾನಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದ ನಾನು ಆ ಸಂಕ್ರಾಂತಿಯ ಮರುದಿನವೇ ಒಬ್ಬಳೇ ಬೋಲ್ಟನ್ನಿಗೆ ಗಾಡಿ ಓಡಿಸಿಕೊಂಡು ಹೋದೆ. ಇವತ್ತಿಗೂ ಅದೇ ಕೆಲಸದಲ್ಲಿದ್ದೇನೆ.

ಹೋದ ವರ್ಷ ಅವರ ಕಣ್ಣಿನ ನರ ಸೊರಗಿತು. ಇನ್ನು ಗಾಡಿ ಮುಟ್ಟಬಾರದೆಂದು ಡಾಕ್ಟರು ಹೇಳಿಬಿಟ್ಟರು. ವ್ಯಾನು ಮಾರಿ, ವ್ಯಾಂಕೂವರಿನ ಮಗಳ ಮನೆಗೆ ಹೊರಟರು. “ಅಲ್ಲಿ ಹಿಮಾನ ಕಮ್ಮಿ ಅಂತ. ಬರೇ ಮಳಿ. ಏನು ಮಾಡ್ಲಿ ನಾ ಅಲ್ಲಿ?” ಅಂತ ಮುಖ ಸಣ್ಣಗೆ ಮಾಡಿಕೊಂಡರು.

ಏರ್‌ಪೋರ್ಟಿಗೆ ಬಿಡಲು ಹೊರಟ ಬೆಳಿಗ್ಗೆ ಹಿಮ ಜೋರಾಗಿ ಬೀಳುತ್ತಿತ್ತು. ಅವರು ಬಂದು ಪಕ್ಕದಲ್ಲಿ ಕೂತರು. ಕೈಯಲ್ಲಿ ಅದೇ ತಂಬಿಗೆ, ಅಂಚಿನವರೆಗೆ ಮಜ್ಜಿಗೆ. ನಾನು ನಕ್ಕೆ, ಅವರು ನಗಲಿಲ್ಲ. ಮುಂದಿನ ಗಾಡಿಗೆ ಧಾರಾಳವಾಗಿ ಜಾಗ ಬಿಟ್ಟು, ತಿರುವಿಗೆ ಮೊದಲೇ ವೇಗ ಇಳಿಸಿ, ಮೆಲ್ಲಗೆ ಓಡಿಸಿದೆ. ಒಮ್ಮೆಯೂ ಗಾಡಿ ಜಗ್ಗಲಿಲ್ಲ. ಹೆಮ್ಮೆಯಿಂದ ಎದೆ ಉಬ್ಬಿತ್ತು. ಇಳಿಯುವಾಗ ನೋಡಿದರೆ ಅವರ ಸೀರೆಯ ಮಡಿಲು ಒದ್ದೆ!

“ಅಯ್ಯೋ ಅಕ್ಕಾ, ಚೆಲ್ತಲ್ಲ! ಎಲ್ಲಿ ತಪ್ಪು ಮಾಡಿದೆ?”

“ನೀ ಏನೂ ತಪ್ಪು ಮಾಡಿಲ್ಲ, ತಂಗಿ.” ಅರ್ಧ ಮಜ್ಜಿಗೆ ಕುಡಿದು, ಉಳಿದದ್ದನ್ನು ತಂಬಿಗೆ ಸಮೇತ ನನ್ನ ಕೈಗಿಟ್ಟರು. “ನಿನ್ನ ಗಾಡಿ ಅಳ್ಳಾಡಲಿಲ್ಲ. ನನ್ನ ಕೈ ನಡುಗಿತು.”