ಕಿಟಕಿ ಶಿವಬಸಮ್ಮ
ತುರ್ವಿಹಾಳದಲ್ಲಿ ಯಾರೇ ಹೊಸ ಮನೆ ಕಟ್ಟಲಿ, ತಲಬಾಗಿಲ ಚೌಕಟ್ಟಿನ ಪೂಜೆಗೆ ಶಿವಬಸಮ್ಮನನ್ನು ಕರೆಯಲು ಹೆದರುತ್ತಾರೆ. ಕರೆಯದಿದ್ದರೂ ಆಕೆ ಬರುತ್ತಾಳೆ. ಬಂದವಳು ತೇಗದ ಚೌಕಟ್ಟಿನ ಕಡೆ ಕಣ್ಣೆತ್ತಿಯೂ ನೋಡದೆ, ಸಿಮೆಂಟು ಚೀಲ ದಾಟಿ ಸೀದಾ ಅಡುಗೆಮನೆಗೆ ನುಗ್ಗುತ್ತಾಳೆ. "ಕಿಟಕಿ ಎಲ್ಲೈತಿ?" ಎಂದು ಗುಡುಗಿದರೆ ಗೋಡೆ ಕಟ್ಟುವ ಗೌಂಡಿಗಳ ಕೈಯ ಕರಣಿ ಅಲ್ಲೇ ನಿಲ್ಲುತ್ತದೆ. ಮನೆಯವರು ಮೊಬೈಲಿನಲ್ಲಿ ಪಕ್ಕಕ್ಕೆ ಸರಿಯುವ ಕಿಟಕಿಯ ಚಿತ್ರ ತೋರಿಸಿದರೆ, "ಅರ್ಧ ತೆರದು ಅರ್ಧ ಮುಚ್ಚಿದ್ರ ಒಗ್ಗರಣಿ ಘಾಟು ಯಾರ ಮೂಗಿನಾಗ ಹೋಗಬೇಕು?" ಅನ್ನುತ್ತಾಳೆ. ಬಣ್ಣದ ಗಾಜು ತೋರಿಸಿದರೆ, "ಆ ಕತ್ತಲಾಗ ಅಕ್ಕ್ಯಾಗಿನ ಹುಳ ನಿಮ್ಮಪ್ಪ ಬಂದು ಆರಸ್ತಾನೇನು?" ಅನ್ನುತ್ತಾಳೆ. ಮೊನ್ನೆ ಅಕ್ಕನ ಮಗ ಗುರುಬಸವನ ಮನೆಯಲ್ಲಿ, ಆಳೆತ್ತರದ ಕಿಟಕಿಗಳೆಲ್ಲ ಪಡಸಾಲೆಗೆ ಹೋಗಿ, ಅಡುಗೆಮನೆಗೆ ತಲೆಯ ಮೇಲೊಂದು ತೂತು ಉಳಿದಿತ್ತು. "ಚಿಗವ್ವ, ಹೊಗಿ ಹೋಗಾಕ ಅಲ್ಲಿ ಫ್ಯಾನ್ ಕೂಡಸ್ತೀವಿ" ಎಂದ ಗುರುಬಸವ. "ಹೊಗಿಗೆ ದಾರಿ ಮಾಡ್ಯಾನಂತ! ಒಲಿ ಮುಂದ ನಿಂತಾಕಿ ಕಣ್ಣಿಗೆ ದಾರಿ ಎಲ್ಲೈತಲೇ?" ಅವನು ನಕ್ಕ; ಆಕೆ ನಗಲಿಲ್ಲ. ವರ್ಷಗಳ ಹಿಂದೆ ಆಕೆಯ ಮಗಳು ದಾನೇಶ್ವರಿ ಒಲೆಯ ಮುಂದೆಯೇ ತಾಯಿಯ ಕಾಲಿಗೆ ಬಿದ್ದು ಗಂಡನ ಮನೆಗೆ ಹೊರಟ ದಿನ, ಪಂಕ್ತಿ ಇನ್ನೂ ಕೂತಿತ್ತು, ಹೆಂಚಿನ ಮೇಲೆ ಹೋಳಿಗೆ ಇತ್ತು. ಅಂಗಳದಲ್ಲಿ ಮಗಳು ತಿರುಗಿ ನೋಡಿದಳೋ ಇಲ್ಲವೋ, ಕಾರಿನ ಬಾಗಿಲು ಮುಚ್ಚಿದ ಸಪ್ಪಳವಷ್ಟೇ ಕಿಟಕಿಯಿಲ್ಲದ ಅಡುಗೆಮನೆಯ ಗೋಡೆ ದಾಟಿ ಒಳಗೆ ಬಂದಿತ್ತು. ಶಿವಬಸಮ್ಮ ತಲಬಾಗಿಲಿಗೆಂದು ತಂದಿದ್ದ ತೆಂಗಿನಕಾಯಿಯನ್ನು ಗುರುಬಸವನ ಅಡುಗೆಮನೆಯ ಬೀದಿ ಕಡೆಯ ಬೋಳುಗೋಡೆಗೆ ಅಪ್ಪಳಿಸಿ, ನೀರು ಇಳಿಯುತ್ತಿದ್ದ ಜಾಗಕ್ಕೆ ಬೆರಳಿಟ್ಟು, ಗೌಂಡಿಗೆ ಹೇಳಿದಳು: "ಇಲ್ಲಿಡು."