ನೀರಿಲ್ಲದ ಬಚ್ಚಲು

ಅಜ್ಜಿ ಸೀರಿಯಲ್‌ನಲ್ಲಿ ನಟಿಸೋಕೆ ಹೋಗಿದ್ದಳು ಎಂದು ನಿಮ್ಮಮ್ಮ ಎಲ್ಲರೆದುರು ಹೇಳಿ ನಗುತ್ತಾಳೆ. ಮಕ್ಕಳೇ, ನಡೆದದ್ದು ಬೇರೆ. ಬಾಯಲ್ಲಿ ಹೇಳಲು ನನಗೆ ಸಂಕೋಚ, ಅದಕ್ಕೇ ಬರೆಯುತ್ತಿದ್ದೇನೆ.

ಸಿನಿಮಾ ಸ್ಟುಡಿಯೋ, ಶೂಟಿಂಗ್ ಜಾಗಗಳನ್ನು ತೋರಿಸುವ ಪ್ರವಾಸಕ್ಕೆ ಟಿಕೆಟ್ ತೆಗೆದವಳು ನಿಮ್ಮಮ್ಮನೇ. ಬಸವನಗುಡಿಯಲ್ಲಿ ನನ್ನನ್ನು ವ್ಯಾನ್ ಹತ್ತಿಸಿ, "ಒಂದಿನ ಆರಾಮಾಗಿ ಸುತ್ಕೊಂಡ್ ಬಾಮ್ಮ, ಮನೇಲೇ ಕೂತು ಏನ್ಮಾಡ್ತೀಯ" ಎಂದು ಹೇಳಿ ಆಫೀಸಿಗೆ ಹೋದಳು. ವ್ಯಾನಿನಲ್ಲಿ ನನಗೆ ಗುರುತಿದ್ದವರು ಒಬ್ಬರೂ ಇರಲಿಲ್ಲ.

ಗೈಡ್ ಜುಟ್ಟು ಕಟ್ಟಿದ್ದ ತರುಣ. ಮಲ್ಲೇಶ್ವರದ ಒಂದು ಮನೆಯ ಮುಂದೆ ನಿಲ್ಲಿಸಿ, "ಈ ಮೆಟ್ಲು ಮೇಲೇ ಹೀರೋ ಜಾರಿ ಬಿದ್ದಿದ್ದು, ನಿಜವಾಗ್ಲೂ ಬಿದ್ದಿದ್ದು, ಆ್ಯಕ್ಟಿಂಗ್ ಅಲ್ಲ" ಎಂದ. ಎಲ್ಲರೂ ಮೆಟ್ಟಿಲ ಮೇಲೆ ನಿಂತು ಫೋಟೋ ಹಿಡಿಸಿಕೊಂಡರು. ಶೇಷಾದ್ರಿಪುರಂನ ಸ್ಟುಡಿಯೋದಲ್ಲಿ ಸಿನಿಮಾಗೆ ಆಮೇಲೆ ಮಾತು ಸೇರಿಸುವ ಕತ್ತಲೆ ಕೋಣೆ ತೋರಿಸಿದ. ಹೊರಗೆ ಬಂದಾಗ ಒಬ್ಬೊಬ್ಬರ ಕೈಗೂ ಎಳನೀರು ಕೊಟ್ಟರು. ಬೇಡ ಎನ್ನಲು ನಾಚಿಕೆಯಾಗಿ ಪೂರ್ತಿ ಕುಡಿದೆ. ತಪ್ಪಿದ್ದು ಅಲ್ಲೇ.

ನಮ್ಮೂರ ಶಾಲೆಯಲ್ಲಿ ಹುಡುಗಿಯರಿಗೆ ಪಾಯಿಖಾನೆ ಇರಲಿಲ್ಲ. ಬೆಳಿಗ್ಗೆ ನೀರು ಕುಡಿಯದೆ ಹೋಗುವುದು, ಸಂಜೆಯ ಗಂಟೆಯವರೆಗೆ ತಡೆದುಕೊಳ್ಳುವುದು, ಇದನ್ನು ನಾವು ಮಗ್ಗಿಗಿಂತ ಮೊದಲು ಕಲಿತೆವು. ಮದುವೆಯಾದ ಮೇಲೆ ಪ್ರಯಾಣ ಹೋದಾಗಲೆಲ್ಲ ನಿಮ್ಮ ತಾತ ತಮಗೇ ಅವಸರ ಎನ್ನುವಂತೆ ಯಾರನ್ನಾದರೂ ಕೇಳಿ, ನೋಡಿ ಬಂದು, "ಆ ಕಡೆ ಇದೆ, ಹೋಗಿ ಬಾ" ಎಂದು ಮೆಲ್ಲಗೆ ಹೇಳುತ್ತಿದ್ದರು. ನಾನು ಬಾಯಿಬಿಟ್ಟು ಕೇಳಿದ್ದೇ ಇಲ್ಲ. ಅವರು ಹೋದ ಮೇಲೆ ನಾನು ದೂರದ ಊರುಗಳಿಗೆ ಹೋಗುವುದನ್ನೇ ಬಿಟ್ಟಿದ್ದಕ್ಕೆ ಕಾರಣ ಇಷ್ಟೇ. ನಿಮ್ಮಮ್ಮನಿಗೂ ಇದು ಗೊತ್ತಿಲ್ಲ.

ಚಾಮರಾಜಪೇಟೆಯ ಹಳೇ ಬಂಗಲೆ ತಲುಪುವಷ್ಟರಲ್ಲಿ ನನಗೆ ನೆಟ್ಟಗೆ ನಿಲ್ಲಲಾಗುತ್ತಿರಲಿಲ್ಲ. ಅಲ್ಲಿ ಒಂದು ಸೀರಿಯಲ್ ಶೂಟಿಂಗ್. ದೊಡ್ಡ ಹಾಲಿನಲ್ಲಿ ಪ್ಲೈವುಡ್ ಗೋಡೆ ನಿಲ್ಲಿಸಿ ಮನೆಯೊಳಗೊಂದು ಮನೆ ಮಾಡಿದ್ದರು. ಇನ್ನೂ ಲೈಟು ಹೊಂದಿಸುತ್ತಿದ್ದರು. "ಎಲ್ರೂ ಓಡಾಡ್ಕೊಂಡು ನೋಡಿ. ಆದ್ರೆ ಶಾಟ್ ಶುರುವಾದ್ಮೇಲೆ ಯಾರಾದ್ರೂ ಸೀನಿದ್ರೂ ಡೈರೆಕ್ಟರ್ ನನ್ನನ್ನ ಹೊರಗ್ ಹಾಕ್ತಾರೆ" ಎಂದ ಗೈಡ್. ಅರ್ಧ ತೆರೆದ ಬಾಗಿಲೊಂದರ ಸಂದಿನಲ್ಲಿ ನೀಲಿ ಬಕೆಟ್ಟು, ಮಗ್ಗು ಕಂಡವು. ಯಾರನ್ನೂ ಕೇಳದೆ ಕೆಲಸವಾಯಿತಲ್ಲ ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ನಲ್ಲಿ ತಿರುಗಿಸಿದೆ. ನಲ್ಲಿಯೇ ಕೈಗೆ ಬಂತು. ಗೋಡೆಯ ಟೈಲ್ಸ್ ಎಂದರೆ ಬರೀ ಅಂಟಿಸಿದ ಕಾಗದ. ಕಮೋಡಿನ ಮುಚ್ಚಳ ಎತ್ತಿದರೆ ಒಳಗೆ ಹಲಗೆ. ಹಿಂದುಗಡೆ ಕಪ್ಪು ಬಟ್ಟೆ, ಅದರ ಹಿಂದೆ ಬಂಗಲೆಯ ಗಟ್ಟಿ ಗೋಡೆ. ನಲ್ಲಿಯನ್ನು ಬಕೆಟ್ಟಿನಲ್ಲಿಟ್ಟು ತಿರುಗುವಷ್ಟರಲ್ಲಿ ಹೊರಗೆ ಯಾರೋ "ಸೈಲೆನ್ಸ್!" ಎಂದು ಕೂಗಿದರು.

ಬಾಗಿಲಿನಾಚೆ ಒಬ್ಬ ಅತ್ತೆ ಸೊಸೆಯನ್ನು ಮನೆಯಿಂದ ಓಡಿಸುತ್ತಿದ್ದಳು. ಸೊಸೆ ಮಾತು ಮರೆತಳು. "ಏನಮ್ಮಾ, ಎರಡು ಲೈನು ನೆನಪಿಟ್ಕೊಳಕ್ಕಾಗಲ್ವಾ? ಒನ್ ಮೋರ್!" ಎಂದರು ಡೈರೆಕ್ಟರ್. ಮತ್ತೆ ಓಡಿಸಿದರು, ಮತ್ತೆ ಮರೆತಳು. ನಡುವೆ ಬಿಡುವಿದ್ದಾಗ ನಾನು ಹೊರಗೆ ಬರಬಹುದಿತ್ತು. ಆದರೆ ಸಂದಿನಲ್ಲಿ ನೋಡಿದರೆ ಹಾಲಿನ ತುಂಬ ಗಂಡಸರು. ಅಷ್ಟು ಗಂಡಸರ ಕಣ್ಣೆದುರು ಬಚ್ಚಲಿನಿಂದ ಹೊರಗೆ ಬರುವುದು ಹೇಗೆ? ಕಾಲು ಹೆಣೆದುಕೊಂಡು, ಸೆರಗು ಹಲ್ಲಿನಲ್ಲಿ ಕಚ್ಚಿ, ಆ ಸುಳ್ಳು ಕಮೋಡಿನ ಅಂಚಿನಲ್ಲಿ ಕೂತೆ. ಎದ್ದೆ. ಮತ್ತೆ ಕೂತೆ. ಲೈಟಿನ ಕಾವಿಗೆ ಬೆವರು ಇಳಿಯುತ್ತಿತ್ತು. ಈ ವಯಸ್ಸಿನಲ್ಲಿ ಸೀರೆ ಒದ್ದೆ ಮಾಡಿಕೊಂಡು ಆ ವ್ಯಾನಿನಲ್ಲಿ ಕೂತು ಮನೆಗೆ ಬರುವುದನ್ನು ನೆನೆದೇ ಕಣ್ಣಲ್ಲಿ ನೀರು ಬಂತು.

ಮತ್ತೊಮ್ಮೆ "ಸೈಲೆನ್ಸ್" ಎಂದರು. ಇನ್ನು ಆಗಲಿಲ್ಲ. ಬಾಗಿಲು ತೆರೆದು ಅತ್ತೆ ಸೊಸೆಯರ ನಡುವೆಯೇ ಹೊರಬಂದೆ.

"ಕಟ್! ಯಾರ್ರೀ ಇವ್ರು?"

"ಸಾರ್, ನಮ್ ಟೂರ್‌ನೋರು..." ಗೈಡ್‌ನ ಮುಖ ಬಿಳಿಚಿತ್ತು.

ನನ್ನ ದನಿ ನಡುಗಿತು, ಆದರೂ ಎಲ್ಲರಿಗೂ ಕೇಳಿಸಿತು. "ನಾನು ಬಚ್ಚಲಿಗೆ ಹೋಗ್ಬೇಕು. ಇಲ್ಲಿರೋದು ನಿಜದ್ದಲ್ಲ. ನಿಜವಾದ್ದು ಎಲ್ಲಿದೆ, ಹೇಳ್ರಪ್ಪಾ."

ಯಾರೋ ಕಿಸಕ್ಕನೆ ನಕ್ಕರು. ರೇಷ್ಮೆ ಸೀರೆಯುಟ್ಟಿದ್ದ ಅತ್ತೆ ಪಾತ್ರದ ಹೆಂಗಸು ಅವರ ಕಡೆ ತಿರುಗಿದರು. "ನಗ್ತೀರೇನ್ರೋ? ಬೆಳಗ್ಗೆಯಿಂದ ನಾನೂ ಬಿಗಿ ಹಿಡ್ಕೊಂಡೇ ಡೈಲಾಗ್ ಹೇಳ್ತಿದೀನಿ. ಬನ್ನಿ ಅಮ್ಮ, ಹಿತ್ತಲಲ್ಲಿದೆ."

"ಅತ್ತೇ, ನಾನೂ ಬರ್ತೀನಿ" ಎಂದಳು ಸೊಸೆ. ಈಗ ತಾನೇ ಮನೆಯಿಂದ ಓಡಿಸಿಕೊಂಡವಳು! ಡೈರೆಕ್ಟರ್ ತಲೆ ಚಚ್ಚಿಕೊಂಡು "ಬ್ರೇಕ್" ಎಂದರು.

ಹಿತ್ತಲಿನ ಬಚ್ಚಲಿಗೆ ಚಿಲಕ ಕೂರುತ್ತಿರಲಿಲ್ಲ. "ನೀವ್ ಹೋಗಿ, ನಾವ್ ಹಿಡ್ಕೊಂಡಿರ್ತೀವಿ" ಎಂದು ಅವರಿಬ್ಬರೂ ಹೊರಗಿನಿಂದ ಬಾಗಿಲು ಎಳೆದು ಹಿಡಿದರು. ಆಮೇಲೆ ಅತ್ತೆ ಹೋಗಿ ಬಂದರು. ಸೊಸೆ ಒಳಗೆ ಹೋದಾಗ ಬಾಗಿಲು ಹಿಡಿಯುವ ಸರದಿ ನನ್ನದು.

"ಅಮ್ಮಾ, ವ್ಯಾನ್ ಹೊರಡ್ತಿದೆ, ಬೇಗ ಬನ್ನಿ" ಎಂದು ಗೈಡ್ ಗೋಡೆಯಾಚೆಯಿಂದ ಕೂಗಿದ.

"ಇರಪ್ಪಾ," ಎಂದು ನಾನೂ ಕೂಗಿ ಹೇಳಿದೆ, "ಹುಡುಗಿ ಇನ್ನೂ ಒಳಗಿದಾಳೆ."