ಮಜ್ಜಿಗೆಗೆ ಹಾಕಿದ ರಿಮೋಟು

ಆ ಸಂಜೆ ಬ್ಯಾಡಗಿಯ ಕೆಲಸ ಮುಗಿಸಿ ಬಂದು ರಾಣೆಬೆನ್ನೂರಿನ ನಮ್ಮ ಮನೆಯ ಬಾಗಿಲಲ್ಲಿ ಇನ್ನೂ ಚಪ್ಪಲಿ ಬಿಡುತ್ತಿದ್ದೆ. ಹೆಂಡತಿ ಒಳಗಿನಿಂದಲೇ ಕೂಗಿ ಹೇಳಿದಳು.

“ರಿಮೋಟು ಮಜ್ಜಿಗ್ಯಾಗ ಹಾಕೇನ್ರಿ. ಇನ್ನೊಂದ ಸ್ವಲ್ಪ ಹೊತ್ತು ಇರ್ಲಿ, ತಗೀಬ್ಯಾಡ್ರಿ.”

ಕಾಲು ತೊಳೆಯುವುದನ್ನೂ ಬಿಟ್ಟು ಅಡುಗೆಮನೆಗೆ ಓಡಿದೆ. ಸ್ಟೀಲಿನ ಡಬರಿಯಲ್ಲಿ ಮಜ್ಜಿಗೆ, ಅದರೊಳಗೆ ಟಿವಿಯ ರಿಮೋಟು. ಮೇಲೊಂದು ತಟ್ಟೆ ಬೇರೆ ಮುಚ್ಚಿದ್ದಳು, ಬೆಕ್ಕು ಬಾಯಿ ಹಾಕೀತು ಅಂತ. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಬೇರೆ ಕಡೆಯವರಿಗೆ ಇದು ಹುಚ್ಚಾಟ ಅನ್ನಿಸಬಹುದು. ಅವಳು ಹುಟ್ಟಿ ಬೆಳೆದದ್ದು ಬ್ಯಾಡಗಿಯಲ್ಲಿ. ಲಂಗ ಉಡುವ ವಯಸ್ಸಿನಿಂದ ತಾಯಿಯ ಪಕ್ಕ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸಿದವಳು. ಕೈ ಉರಿದರೆ ಮಜ್ಜಿಗೆಯಲ್ಲಿ ಅದ್ದಬೇಕು, ಇದು ಅಲ್ಲಿಯ ಹೆಣ್ಣುಮಕ್ಕಳಿಗೆ ಯಾರೂ ಕಲಿಸದೆ ಬರುವ ವಿದ್ಯೆ. ಹಿಂದಿನ ದಿನ ಅವಳ ಅಕ್ಕ ಒಂದು ಚೀಲ ಕಾಯಿ ತಂದು, ನಮ್ಮ ಪಡಸಾಲೆಯಲ್ಲೇ ಕೂತು ಬಿಡಿಸಿ, ಅದೇ ಕೈಯಲ್ಲಿ ಚಾನೆಲ್ ತಿರುವಿ ತಿರುವಿ ಹೋಗಿದ್ದಳು. ಆಮೇಲೆ ಇವಳು ರಿಮೋಟು ಹಿಡಿದಿದ್ದಾಳೆ, ಕಣ್ಣು ಒರೆಸಿಕೊಂಡಿದ್ದಾಳೆ, ಉರಿ ಹತ್ತಿ ರಿಮೋಟನ್ನೇ ಮಜ್ಜಿಗೆಗೆ ಹಾಕಿದ್ದಾಳೆ. ಬ್ಯಾಡಗಿ ಕಾಯಿ ಬಣ್ಣಕ್ಕಷ್ಟೇ, ಅದರಲ್ಲಿ ಖಾರ ಎಲ್ಲಿದೆ ಎಂದು ಕೆಲವರು ಹೇಳುತ್ತಾರೆ. ಅಂಥವರು ಒಮ್ಮೆ ಕಣ್ಣಿಗೆ ಹಾಕಿಕೊಂಡು ನೋಡಲಿ.

ನನ್ನ ಹೆಂಡತಿಗೆ ಕಣ್ಣು ಕಾಣುವುದಿಲ್ಲ. ಸಕ್ಕರೆ ಕಾಯಿಲೆ ಮೊದಲು ಒಂದನ್ನು ತೆಗೆದುಕೊಂಡಿತು, ನಾವು ಆಸ್ಪತ್ರೆಗೆ ಓಡಾಡುತ್ತಿರುವಾಗಲೇ ಇನ್ನೊಂದನ್ನೂ. ಕಿಟಕಿ ಯಾವ ಕಡೆ ಇದೆ ಎಂದು ತಿಳಿಯುವಷ್ಟು ಬೆಳಕು ಉಳಿದಿದೆ. ಕಾಣದಿದ್ದರೂ ಖಾರ ಬಿದ್ದರೆ ಉರಿಯುವುದಕ್ಕೇನೂ ಕಡಿಮೆಯಿಲ್ಲ ನೋಡಿ, ಅದೊಂದು ಅನ್ಯಾಯ.

ಆ ರಿಮೋಟು ಅವಳಿಗೆ ಏನಾಗಿತ್ತು ಅಂತ ಹೇಳಲೇಬೇಕು. ಕಣ್ಣು ಹೋದ ಮೇಲೆ ಅವಳ ದಿನದ ಪ್ರತಿಯೊಂದು ಮಾತೂ “ಸ್ವಲ್ಪ” ಎಂದೇ ಶುರುವಾಗುತ್ತಿತ್ತು. ಸ್ವಲ್ಪ ಇದರ ಬಣ್ಣ ಯಾವ್ದು ಹೇಳ್ರಿ, ಸ್ವಲ್ಪ ಗ್ಯಾಸ್ ನೋಡ್ರಿ, ಸ್ವಲ್ಪ ಕೈ ಕೊಡ್ರಿ. ಮಹಾ ಸ್ವಾಭಿಮಾನಿ ಹೆಂಗಸು, ಒಂದೊಂದು “ಸ್ವಲ್ಪ” ಅನ್ನುವಾಗಲೂ ಅವಳ ಮುಖ ಸಣ್ಣದಾಗುವುದನ್ನು ನಾನು ನೋಡಿದ್ದೇನೆ. ಟಿವಿ ಒಂದಕ್ಕೆ ಮಾತ್ರ ಅವಳು ಯಾರನ್ನೂ ಕೇಳುತ್ತಿರಲಿಲ್ಲ. ಸುದ್ದಿ, ಅಡುಗೆ, ಧಾರಾವಾಹಿ, ಎಲ್ಲ ನಂಬರೂ ಬಾಯಿಪಾಠ. ನಾನು ಕೈ ಚಾಚಿದರೆ ಸಾಕು, “ಏ, ಮುಟ್ಟಬ್ಯಾಡ್ರಿ, ಇದು ನಂದು” ಎಂದು ಸೆರಗಿನೊಳಗೆ ಸೇರಿಸಿಬಿಡುತ್ತಿದ್ದಳು.

ಹೇಗೆ ಒತ್ತುತ್ತೀ ಎಂದು ಒಂದು ದಿನ ಕೇಳಿದೆ. ನನ್ನ ಹೆಬ್ಬೆರಳು ಹಿಡಿದು ರಿಮೋಟಿನ ನಡುವೆ ಇಟ್ಟಳು.

“ಇಲ್ಲಿ ಸಣ್ಣ ಗುಳ್ಳಿ ಐತಿ, ಗೊತ್ತಾತೇನು? ಇದು ಐದು. ಇದರ ಎಡಕ್ಕ ನಾಕು, ಬಲಕ್ಕ ಆರು, ಮ್ಯಾಲ ಎರಡು. ಇದನ್ನ ಮಾಡಿದಾವಗ ನನ್ನಂಥೋರೂ ಇರ್ತಾರಂತ ನೆನಪಿತ್ತು ನೋಡ್ರಿ.”

ಅಷ್ಟು ವರ್ಷ ಆ ರಿಮೋಟು ಹಿಡಿದ ನನ್ನ ಬೆರಳಿಗೆ ಆ ಗುಳ್ಳೆ ಸಿಕ್ಕೇ ಇರಲಿಲ್ಲ.

ಮಜ್ಜಿಗೆಯಿಂದ ತೆಗೆದು ಒರೆಸಿದೆ, ಬಿಚ್ಚಿ ಬಿಸಿಲಿಗೆ ಇಟ್ಟೆ, ಅಕ್ಕಿ ಡಬ್ಬಿಯಲ್ಲಿ ಹುಗಿದೆ. ಹುಳಿ ವಾಸನೆ ಬಂತೇ ಹೊರತು ಜೀವ ಬರಲಿಲ್ಲ. ಬಸ್‌ ಸ್ಟ್ಯಾಂಡಿನ ಅಂಗಡಿಯಿಂದ ತಂದ ಬದಲಿ ರಿಮೋಟಿಗೆ ನಮ್ಮ ಟಿವಿಯ ಕೇಬಲ್ ಡಬ್ಬಿಯ ಗುರುತೇ ಹತ್ತಲಿಲ್ಲ. ಕೊನೆಗೆ ನಮ್ಮ ಓಣಿಗೆ ಕೇಬಲ್ ಕೊಡುವವನನ್ನು ಕರೆಸಿದೆ. ಅವನು ಡಬ್ಬಿಯನ್ನು ತಿರುಗಿಸಿ ನೋಡಿ ನಕ್ಕ.

“ಇಂಥ ಡಬ್ಬಿ ಈಗ ಯಾರ ಮನ್ಯಾಗೂ ಇಲ್ರಿ. ಎಲ್ಲಾರೂ ಇಂಟರ್ನೆಟ್ ವೈರಿಗೆ ಹೋಗ್ಯಾರ. ಹೊಸಾದು ಹಾಕ್ಸಿಬಿಡ್ರಿ, ಚಿಂತಿ ಬ್ಯಾಡ.”

“ಅದರ ರಿಮೋಟಿನ್ಯಾಗ ಐದರ ಮ್ಯಾಲ ಗುಳ್ಳಿ ಇರ್ತೈತೇನಪಾ?” ಎಂದು ಅವಳು ಕೇಳಿದಳು.

“ಐದ ಇರೂದಿಲ್ರಿ ಅವ್ವಾರ. ನಂಬರ್ ಎಲ್ಲಾ ತಗದಾರ. ಬಾಣದ ಗುರ್ತು ಒತ್ತಿಕೋತ, ಟಿವಿಯಾಗ ನೋಡಿಕೋತ ಹೋಗೂದು. ಇಲ್ಲಾ ಅಂದ್ರ ಫೋನಿನ್ಯಾಗ ಆ್ಯಪ್ ಹಾಕ್ಕೊಂಡ್ರ ಮುಗೀತು, ಅದರಾಗ ನಂಬರೂ ಅದಾವ.”

ಪರದೆ ನೋಡಿಕೊಂಡು ಹೋಗಬೇಕಂತೆ! ಯಾರ ಮುಂದೆ ಹೇಳುತ್ತಿದ್ದೇನೆ ಎಂಬ ಖಬರೇ ಇಲ್ಲ ಮಹಾರಾಯನಿಗೆ. ನನ್ನ ಮೈಯೆಲ್ಲ ಉರಿಯಿತು. ಆದರೆ ಬೈದು ಕಳಿಸಿದರೆ ಟಿವಿ ಎಲ್ಲಿಂದ ತರಲಿ? ಹೊಸ ಡಬ್ಬಿ ಹಾಕಿಸಿದೆ.

ಆ ಭಾನುವಾರ ಹಾವೇರಿಯಿಂದ ನಮ್ಮ ಮಗಳು ಬಂದಳು. ಅಲ್ಲಿಗೇ ಕೊಟ್ಟಿದ್ದೇವೆ, ಅಲ್ಲೇ ಶಾಲೆಯೊಂದರಲ್ಲಿ ಪಾಠ ಮಾಡುತ್ತಾಳೆ. ತನ್ನ ಹಳೆಯ ಫೋನಿಗೆ ಆ್ಯಪ್ ಹಾಕಿ, ಅದನ್ನು ಟಿವಿಗೆಂದೇ ಅಮ್ಮನ ಕೈಗೆ ಕೊಟ್ಟಳು. ಅವಳಮ್ಮ ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ಮೇಲೆ ಕೆಳಗೆ ಸವರಿದಳು.

“ಎಲ್ಲಾ ಒಂದ ನಮೂನಿ ನುಣ್ಣಗ ಐತಲ್ಲವಾ. ಎಲ್ಲಿ ಏನೈತಿ?”

ಮಗಳು ಸೋಲುವವಳಲ್ಲ. ಕನ್ನಡಿಯ ಅಂಚಿಗೆ ಅಮ್ಮ ಅಂಟಿಸಿಟ್ಟಿದ್ದ ಹಣೆಯ ಟಿಕಳಿಗಳಲ್ಲಿ ಉಬ್ಬಿದ್ದೊಂದನ್ನು ಕಿತ್ತು ತಂದು ಗಾಜಿನ ಮೇಲೆ ಸರಿಯಾಗಿ ಐದರ ಅಂಚಿಗೆ ಹಚ್ಚಿದಳು. ಆವಾಜ್ ಹೆಚ್ಚು ಕಡಿಮೆ ಮಾಡುವ ಜಾಗಗಳಿಗೆ ಇನ್ನೆರಡು. ಫೋನು ತಾನಾಗಿ ಕತ್ತಲಾಗದ ಹಾಗೆ ಮಾಡಿ ಚಾರ್ಜರಿಗೆ ಸಿಕ್ಕಿಸಿಟ್ಟಳು. ಕತ್ತಲಾದರೆ ಅಮ್ಮನಿಗೆ ತಿಳಿಯುವುದು ಹೇಗೆ? ಅವಳ ಬುದ್ಧಿಗೆ ನನಗೆ ಹೆಮ್ಮೆಯಾಯಿತು.

ಕೆಲವು ದಿನ ನಡೆಯಿತು ಕೂಡ. ನಾನು ಮನೆಗೆ ಬರುವಷ್ಟರಲ್ಲಿ ಅವಳು ಫೋನನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ಓರೆ ಮಾಡಿ ಟಿಕಳಿ ಹುಡುಕಿ ಒತ್ತುತ್ತ, ಒಂದು ಚಾನೆಲ್ಲಿನ ಸುದ್ದಿಯನ್ನೂ ಇನ್ನೊಂದರ ಸುದ್ದಿಯನ್ನೂ ತಾಳೆ ನೋಡಿ ಇಬ್ಬರನ್ನೂ ಬೈಯುತ್ತಿದ್ದಳು. ಮನೆ ಮನೆಯ ಹಾಗಿತ್ತು.

ಒಂದು ಮಧ್ಯಾಹ್ನ ನಾನು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ರಾಶಿಯ ಮುಂದೆ ಕೂತು, ಗುಣ ನೋಡಲು ಕಾಯಿ ಮುರಿಯುತ್ತಿದ್ದೆ. ದಲಾಲಿ ಅಂಗಡಿಯಲ್ಲಿ ನನ್ನ ಕೆಲಸವೇ ಅದು. ಅವಳು ಮಾತಾಡಲು ಇಟ್ಟುಕೊಂಡಿದ್ದ ಗುಂಡಿ ಫೋನಿನಿಂದ ಕರೆ ಬಂತು. ಎತ್ತಿದರೆ ಕಿವಿ ಕಿತ್ತುಹೋಗುವಂಥ ಗದ್ದಲ, ಯಾವುದೋ ಅರಿಯದ ಭಾಷೆಯಲ್ಲಿ ಯಾರೋ ಅರಚುತ್ತಿದ್ದರು.

“ಐದು ಸತ್ತೈತ್ರೀ! ಏನ್ ಒತ್ತಿದ್ರೂ ಇನ್ನಷ್ಟು ಒದರಾಕತ್ತೈತಿ. ಏನ್ ಮಾಡ್ಲಿ ಹೇಳ್ರಿ!”

ಏನು ಹೇಳಲಿ? ಅವಳ ಬೆರಳ ಕೆಳಗೆ ಏನಿದೆ ಎಂದು ಅವಳಿಗೂ ಕಾಣದು, ನನಗೂ ಕಾಣದು. ಟಿಕಳಿಯ ಪಕ್ಕ ಒತ್ತು ಎಂದೆ, ಮೇಲೆ ಒತ್ತು ಎಂದೆ, ಬಿಡು ಎಂದೆ, ಹಿಡಿ ಎಂದೆ. ಪ್ರತಿ ಸಲವೂ ಅಲ್ಲಿ ಇನ್ನೊಂದೇನೋ ಚೀರಿತು. ಕಡೆಗೆ ಗೋಡೆಯ ಸ್ವಿಚ್ಚು ಬಂದ್ ಮಾಡು ಎಂದೆ. ಅವಳು ಗೋಡೆ ಸವರುತ್ತ ಹೋಗುವ ಸದ್ದು, ಬಳೆ ತಾಗಿದ ಸದ್ದು, ಆಮೇಲೆ ಏನೂ ಇಲ್ಲ. ಅವಳ ಉಸಿರು ಮಾತ್ರ ಕೇಳುತ್ತಿತ್ತು. ನಾನು ಬ್ಯಾಡಗಿಯಲ್ಲಿ ಕೆಂಪು ರಾಶಿಯ ಮುಂದೆ ಮಂಕನಂತೆ ಕೂತಿದ್ದೆ.

ಸಂಜೆ ಕೇಬಲ್ಲಿನವನನ್ನು ಹಿಡಿದು ತಂದೆ. ಫೋನು ನೋಡಿದ ಕೂಡಲೇ ಅಂದ, “ಅಪ್‌ಡೇಟ್ ಆಗೇತ್ರಿ.”

“ಯಾರನ್ನ ಕೇಳಿ ಮಾಡಿದ್ರಪಾ?” ಎಂದೆ.

“ಯಾರೂ ಕೇಳೂದಿಲ್ರಿ, ಅದು ತಾನ ಆಕ್ಕೈತಿ. ಹೊಸಾದು ಭಾಳ ಚಂದ ಐತಿ ನೋಡ್ರಿ.”

ಚಂದವೇನೋ ಇತ್ತು. ನಂಬರುಗಳೇ ಇರಲಿಲ್ಲ. ಐದು ಇದ್ದ ಜಾಗದಲ್ಲಿ ಯಾವುದೋ ಸಿನಿಮಾದ ಚಿತ್ರ ಜಾರುತ್ತಿತ್ತು, ಟಿಕಳಿ ಅದರಲ್ಲಿಯ ನಾಯಕಿಯ ಮೂಗಿನ ಮೇಲೆ ಕೂತಿತ್ತು. ನಂಬರು ಬೇಕಾದರೆ ಒಳಗೆ ಹೋಗಿ ಹುಡುಕಬೇಕಂತೆ. ಬೇಡವೇ, ಬಾಯಲ್ಲಿ ಹೇಳಿದರೆ ಸಾಕಂತೆ, ಆದರೆ ಹೇಳುವ ಮೊದಲು ಒಂದು ಸಣ್ಣ ದುಂಡನೆಯ ಗುರುತು ಒತ್ತಬೇಕು, ಆ ಗುರುತು ಹೊತ್ತಿಗೊಂದು ಕಡೆ ಸರಿಯುತ್ತದೆ. ಮುಂದಿನ ಭಾನುವಾರ ಬಂದಾಗ ಮಗಳು, ಫೋನೇ ತನ್ನ ಮೇಲಿರುವುದನ್ನು ಓದಿ ಹೇಳುವ ಏರ್ಪಾಟನ್ನೂ ಮಾಡಿ ನೋಡಿದಳು. ಬೆರಳು ತಾಗಿದಲ್ಲೆಲ್ಲ ಒಬ್ಬಳು ಇಂಗ್ಲಿಷಿನಲ್ಲಿ ಬಡಬಡ ಶುರು ಮಾಡಿದಳು. “ಯಾರವಾ ಇಕಿ, ಬಾಯಿಗೆ ಬ್ರೇಕ ಇಲ್ಲ” ಎಂದು ನನ್ನ ಹೆಂಡತಿ ಫೋನು ಕೆಳಗಿಟ್ಟಳು. ನಾವು ಮೂವರೂ ನಕ್ಕೆವು. ಆ ಆ್ಯಪಿನ ವಿಷಯದಲ್ಲಿ ಅವಳು ನಕ್ಕದ್ದು ಅದೇ ಕೊನೆ.

ಮಗಳು ಆಗ ಇನ್ನೊಂದು ದಾರಿ ತೆಗೆದಳು. ಅದೇ ಆ್ಯಪನ್ನು ತನ್ನ ಫೋನಿಗೂ ನನ್ನ ಫೋನಿಗೂ ಹಾಕಿದಳು. ಇಂಟರ್ನೆಟ್ ಇದ್ದರೆ ಸಾಕು, ಎಲ್ಲಿಂದ ಬೇಕಾದರೂ ಮನೆಯ ಟಿವಿ ನಡೆಸಬಹುದು. ಅಮ್ಮ ಗುಂಡಿ ಫೋನಿನಿಂದ ಹೇಳಿದರಾಯಿತು, ನಾವು ಮಾಡಿಕೊಟ್ಟರಾಯಿತು. ಕೇಳಲು ಎಷ್ಟು ಸುಲಭ!

ಮೊದಮೊದಲು ಅವಳ ದರ್ಬಾರು ಜೋರಾಗಿಯೇ ಇತ್ತು. ನಾನು ರಾಶಿ ನೋಡುತ್ತಿರುವಾಗಲೇ “ಸುದ್ದಿ ಹಚ್ಚರಿ”, ಮರುಕ್ಷಣ “ಇದು ಬ್ಯಾಡ, ಆ ಇನ್ನೊಂದು”, ಆಮೇಲೆ “ಆವಾಜ್ ಸಣ್ಣ ಮಾಡ್ರಿ, ಲಗೂ!” ಮೆಣಸಿನ ಧೂಳು ಮೆತ್ತಿದ ನನ್ನ ಬೆರಳನ್ನು ಗಾಜು ಗುರುತಿಸುತ್ತಿರಲಿಲ್ಲ. ಅಂಗಿಗೆ ಒರೆಸಿ, ಮತ್ತೆ ಒತ್ತಿ, ಮತ್ತೆ ಒರೆಸಿ, ಅಷ್ಟರಲ್ಲಿ ಅಲ್ಲಿ ಜಾಹೀರಾತು ಶುರು. ಹಮಾಲರಿಗೆ ಒಳ್ಳೇ ತಮಾಷೆ.

“ಏನ್ರೀ, ಫೋನಿನ್ಯಾಗ ರಾಶಿಗೆ ಟೆಂಡರ್ ಹಾಕಾಕತ್ತೀರೇನು?”

“ಇಲ್ಲಪಾ, ಧಾರಾವಾಹಿ ಹಾಕಾಕತ್ತೇನಿ.”

ದಿನ ಕಳೆದಂತೆ ಅವಳ ಕರೆಗಳು ಕಡಿಮೆಯಾದವು. ಆಮೇಲೆ ಬಂದ ಕರೆಗಳು “ಸ್ವಲ್ಪ” ಎಂದು ಶುರುವಾದವು. ಸ್ವಲ್ಪ ಟಿವಿ ಹಚ್ಚತೀರೇನ್ರಿ, ಕೆಲಸ ಇದ್ರ ಬ್ಯಾಡ. ಆ ಮಾತು ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಅವಳ ಕೈಯಲ್ಲಿ ಉಳಿದಿದ್ದ ಒಂದೇ ಒಂದನ್ನೂ ನಾವಿಬ್ಬರೂ ಪ್ರೀತಿಯಿಂದಲೇ ಕಿತ್ತುಕೊಂಡಿದ್ದೆವು. ವಾಪಸ್ಸು ಕೊಡುವ ದಾರಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಆಮೇಲೆ ಕರೆ ಮಾಡುವುದನ್ನೂ ಬಿಟ್ಟಳು. ಅಮ್ಮ ಸುಮ್ಮನೆ ಕೂತಿರುತ್ತಾಳೆ ಎಂದು ಹಾವೇರಿಯಲ್ಲಿ ಮಗಳಿಗೆ ಸಂಕಟ. ಅಮ್ಮ ಕೇಳದಿದ್ದರೇನು ಎಂದು ಆ್ಯಪಿನಲ್ಲಿ ಹೊತ್ತು ಗೊತ್ತು ಮಾಡಿದಳು. ಬೆಳಗಿನ ಕೆಲಸ ಮುಗಿಯುವ ಹೊತ್ತಿಗೆ ಅಡುಗೆಯ ಕಾರ್ಯಕ್ರಮ, ಇಳಿಹೊತ್ತಿಗೆ ಸುದ್ದಿ, ದೀಪ ಹಚ್ಚಿದ ಮೇಲೆ ಧಾರಾವಾಹಿ, ಎಲ್ಲ ತಾನಾಗಿಯೇ ಬರುತ್ತವೆ, ತಾನಾಗಿಯೇ ಹೋಗುತ್ತವೆ. ನಡುವೆ ನಾವು ಬಂದ್ ಮಾಡಿದರೆ ಮಗಳ ಫೋನಿಗೆ ಗೊತ್ತಾಗುತ್ತದೆ.

ಮೊನ್ನೆ ಮಾರುಕಟ್ಟೆಗೆ ರಜೆ. ಬೆಳಿಗ್ಗೆ ಇಬ್ಬರೂ ಪಡಸಾಲೆಯಲ್ಲಿ ಕೂತು ಹಿತಕಿದ ಅವರೆಗೆ ಕಾಳು ಬಿಡಿಸುತ್ತಿದ್ದೆವು. ಸಿಪ್ಪೆ ಸುಲಿಯುತ್ತ ಸುಲಿಯುತ್ತ ಅವಳು ಒಮ್ಮೆಲೆ ಕೈ ನಿಲ್ಲಿಸಿದಳು.

“ನಮ್ಮವ್ವ ತೊಟ್ಟು ಬಿಡಸೂವಾಗ ಒಂದು ಹಾಡು ಹೇಳ್ತಿದ್ಲು ನೋಡ್ರಿ. ಎಷ್ಟ ದಿನದಿಂದ ನೆನಸಾಕತ್ತೇನಿ, ಬರವಲ್ದಾಗಿತ್ತು. ಈಗ ಬಂತು. ತಡೀರಿ, ಸುಮ್ಕ ಇರ್ರಿ...”

ಗಲ್ಲಕ್ಕೆ ಬೆರಳಿಟ್ಟು, ತುಟಿಯೊಳಗೇ ಗುನುಗಿದಳು. ಅಷ್ಟು ಹೊಳಪಿನ ಮುಖವನ್ನು ನಾನು ನೋಡಿ ಯಾವ ಕಾಲವಾಗಿತ್ತೋ. ಮೊದಲ ಸಾಲು ಇನ್ನೇನು ಬಾಯಿಗೆ ಬರಬೇಕು, ಟಿವಿ ತಾನಾಗಿಯೇ ಹತ್ತಿಕೊಂಡಿತು. ಡೋಲು, ತಾಳ, ಅಡುಗೆ ಕಾರ್ಯಕ್ರಮದ ಶುರುವಿನ ಹಾಡು ಮನೆ ತುಂಬ.

ನಾನು ಫೋನಿಗೆ ಹಾರಿದೆ. ಲಾಕಿನ ನಂಬರು ತಪ್ಪು ಒತ್ತಿದೆ, ಮತ್ತೆ ಒತ್ತಿದೆ, ಆ್ಯಪು ತೆರೆಯಿತು, ಚಕ್ರ ತಿರುಗುತ್ತ ನಿಂತಿತು. ಎದ್ದು ಸ್ವಿಚ್ಚೇ ಆರಿಸಿದೆ. ಅವಳು ತುಟಿ ಅಲ್ಲಾಡಿಸುತ್ತಿದ್ದಳು. ಆಮೇಲೆ ಅದೂ ನಿಂತಿತು.

“ಹೇಳು, ಯಾವ ಹಾಡು?”

“ಹೋತು ಬಿಡ್ರಿ.”

“ಮತ್ತ ಬರ್ತೈತಿ, ನೆನಸು.”

ಅವಳು ಮಡಿಲಲ್ಲಿದ್ದ ಕಾಳನ್ನು ಪುಟ್ಟಿಗೆ ಸುರಿದಳು. ಸೀರೆ ಕೊಡವಿ ಟಿವಿಯಿದ್ದ ಕಡೆ ಮುಖ ಮಾಡಿ ಸರಿಯಾಗಿ ಕೂತಳು.

“ಹಚ್ಚರಿ ಅದನ್ನ. ಬಂದ್ ಆಗಿದ್ದು ಅಕಿಗೆ ಗೊತ್ತಾಕ್ಕೈತಿ. ನನಗಂತ ಅಷ್ಟ ದೂರದಿಂದ ಹಚ್ಚ್ಯಾಳ, ಬ್ಯಾಸರ ಮಾಡ್ಕೋತಾಳ ಕೂಸು.”

ನಾನು ಹಚ್ಚಿದೆ. ಮುಗಿಯುವವರೆಗೆ ಅವಳು ಅಲ್ಲಾಡದೆ ಕೂತು ಕೇಳಿದಳು.